ಕರಿಜ್ವರಕ್ಕೆ ಮದ್ದು ಕಂಡ ಉಪೇಂದ್ರನಾಥರು

ವಂಗ, ಅಸ್ಸಾಂ ಪ್ರಾಂತಗಳ ಹಳ್ಳಿಗಳಲ್ಲಿ ಕಾಲಾ ಅಜಾರ್ ಎಂಬುದು ಒಂದು ಕಾಲಕ್ಕೆ ಮೃತ್ಯುವಿನ ಇನ್ನೊಂದು ಹೆಸರೇ ಆಗಿತ್ತು. ಬಿಡದೆ ಕಾಡುವ ಜ್ವರ, ದಿನೇ ದಿನೇ ಬೆಳೆದು ಹೊಟ್ಟೆಯನ್ನೆಲ್ಲ ಆವರಿಸುವ ಗುಲ್ಮ, ಬತ್ತಿದ ಕೈಕಾಲು, ಕಪ್ಪಡರುವ ಮೈ: ಇವು ಅದರ ಲಕ್ಷಣಗಳು. ಚಿಕಿತ್ಸೆಯಿಲ್ಲದೆ ಹೋದರೆ 100 ರೋಗಿಗಳಲ್ಲಿ 90ಕ್ಕೂ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. 1903ರಲ್ಲಿ ಲೀಶ್‌ಮನ್ನರೂ ಮದರಾಸಿನ ಡಾನೊವನ್ನರೂ ಇದರ ರೋಗಾಣುವನ್ನು ಗುರುತಿಸಿದರು. ಶತ್ರುವಿನ ಮುಖವೇನೋ ತಿಳಿಯಿತು. ಅದನ್ನು ಕೊಲ್ಲುವ ಆಯುಧ ಮಾತ್ರ ಇನ್ನೂ ದೊರೆತಿರಲಿಲ್ಲ.

ಆ ಆಯುಧವನ್ನು ರೂಪಿಸಿದವರು ಡಾ. ಉಪೇಂದ್ರನಾಥ ಬ್ರಹ್ಮಚಾರಿ. 1873ರಲ್ಲಿ ಜನಿಸಿದ ಅವರ ತಂದೆ ನೀಲಮಣಿ ಬ್ರಹ್ಮಚಾರಿಗಳು ಬಿಹಾರದ ಜಮಾಲಪುರದಲ್ಲಿ ರೈಲ್ವೆ ವೈದ್ಯರು. ಬಾಲಕನ ವಿದ್ಯಾಭ್ಯಾಸ ಮೊದಲಾದದ್ದು ಅಲ್ಲಿಯೇ. 1893ರಲ್ಲಿ ಹೂಗ್ಲಿ ಕಾಲೇಜಿನಿಂದ ಗಣಿತದಲ್ಲಿ ಪದವಿ. ಮರುವರ್ಷ ಪ್ರೆಸಿಡೆನ್ಸಿ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಎಂ.ಎ.; 1902ರಲ್ಲಿ ವೈದ್ಯಕೀಯದಲ್ಲಿ ಎಂ.ಡಿ.; 1904ರಲ್ಲಿ ರಕ್ತಕಣಗಳ ನಾಶವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್. ರೋಗಿಯ ನಾಡಿ ಹಿಡಿಯುವ ಕೈ ಪ್ರಯೋಗನಳಿಕೆಯನ್ನೂ ಬಲ್ಲದಾದುದು ಮುಂದೆ ಲೋಕಕ್ಕೆ ಉಪಕಾರವಾಯಿತು.

ಢಾಕಾದಲ್ಲಿ ಕೆಲಕಾಲ ಪಾಠ ಹೇಳಿ, 1905ರಲ್ಲಿ ಅವರು ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಗೆ ಉಪಾಧ್ಯಾಯರಾಗಿ ಬಂದರು. ಅದು ಕೆಳದರ್ಜೆಯ ಸಂಸ್ಥೆ. ಸಂಶೋಧನೆ ಅಲ್ಲಿನವರಿಂದ ಯಾರೂ ನಿರೀಕ್ಷಿಸುತ್ತಿದ್ದ ಕಾರ್ಯವಲ್ಲ. ದೊಡ್ಡ ಹುದ್ದೆಗಳೂ ಸುಸಜ್ಜಿತ ಪ್ರಯೋಗಶಾಲೆಗಳೂ ಹೆಚ್ಚಾಗಿ ಆಂಗ್ಲ ಅಧಿಕಾರಿಗಳ ಪಾಲಾಗಿದ್ದ ದಿನಗಳವು. ಬ್ರಹ್ಮಚಾರಿಗಳಿಗೆ ದೊರೆತದ್ದು ಒಂದು ಕಿರುಕೋಣೆ. ಅದರಲ್ಲಿ ವಿದ್ಯುತ್ತಿಲ್ಲ, ಅನಿಲದ ಒಲೆಯಿಲ್ಲ, ನೀರಿನ ನಲ್ಲಿಯೂ ಇಲ್ಲ. ಹಗಲು ಪಾಠ, ರೋಗಿಗಳ ಶುಶ್ರೂಷೆ. ರಾತ್ರಿ ಸೀಮೆಎಣ್ಣೆಯ ದೀಪದಡಿಯಲ್ಲಿ ಪ್ರಯೋಗ.

ಅಷ್ಟರಲ್ಲಿ ಟಾರ್ಟಾರ್ ಎಮೆಟಿಕ್ ಎಂಬ ಆಂಟಿಮೊನಿ ಲವಣವನ್ನು ರಕ್ತನಾಳಕ್ಕೆ ಚುಚ್ಚುವ ಚಿಕಿತ್ಸೆ ಬಳಕೆಗೆ ಬಂದಿತ್ತು. ಆದರೆ ತಿಂಗಳುಗಟ್ಟಲೆ ಚುಚ್ಚಬೇಕು; ವಾಂತಿ, ಕೆಮ್ಮು, ಹೃದಯದ ದುರ್ಬಲತೆ ರೋಗಿಯನ್ನು ಬಾಧಿಸುತ್ತಿದ್ದವು. ಕ್ಷೀಣಿಸಿದ ಮಗುವಿಗೆ ಮದ್ದೇ ಮಾರಿಯಾಗಬಹುದಿತ್ತು. ರೋಗಾಣುವಿಗೆ ವಿಷವಾಗಿ, ರೋಗಿಗೆ ಸಹ್ಯವಾಗಿರುವಂತೆ ಈ ಲೋಹವನ್ನು ಕಟ್ಟಿಕೊಡುವುದು ಹೇಗೆ? ಬ್ರಹ್ಮಚಾರಿಗಳ ಮುಂದಿದ್ದ ಪ್ರಶ್ನೆ ಇದು. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ನಿನ ಧನಸಹಾಯವೂ ದೊರೆಯಿತು. ಆಂಟಿಮೊನಿಯ ಸಂಯುಕ್ತಗಳನ್ನು ಒಂದೊಂದಾಗಿ ತಯಾರಿಸಿ, ಪರೀಕ್ಷಿಸಿ, ಕೈಬಿಡುತ್ತ ಸಾಗಿದ ಅವರು ಕೊನೆಗೆ ಸ್ಟಿಬಾನಿಲಿಕ್ ಆಮ್ಲವನ್ನು ಯೂರಿಯದೊಡನೆ ಕೂಡಿಸಿದರು. ಹೀಗೆ ಹುಟ್ಟಿದ ಯೂರಿಯಾ ಸ್ಟಿಬಮೈನಿನ ಚಿಕಿತ್ಸಾಫಲ 1922ರಲ್ಲಿ ಪ್ರಕಟವಾಯಿತು. ತಿಂಗಳುಗಳ ಚಿಕಿತ್ಸೆ ಕೆಲವೇ ವಾರಗಳಿಗಿಳಿಯಿತು. ಮದ್ದು ಅಸ್ಸಾಮಿನ ಹಳ್ಳಿಗಳನ್ನು ಮುಟ್ಟಿತು. ಸಾವಿಗೆ ಒಪ್ಪಿಸಿಬಿಟ್ಟಿದ್ದ ಅಸಂಖ್ಯ ರೋಗಿಗಳು ಎದ್ದು ನಡೆದರು.

ಕೀರ್ತಿ ತಾನಾಗಿ ಬಂದಿತು. 1929ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು. ಪಾರಿತೋಷಕ ಮಾತ್ರ ಬರಲಿಲ್ಲ. 1934ರಲ್ಲಿ ಸರ್ ಪದವಿ, 1936ರಲ್ಲಿ ಇಂದೂರಿನ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷಪೀಠ ದೊರೆತವು. ಇಷ್ಟೆಲ್ಲ ಮನ್ನಣೆಯ ನಡುವೆಯೂ ಕ್ಯಾಂಪ್‌ಬೆಲ್ಲಿನ ಆ ಕಿರುಕೋಣೆ ತಮಗೆ ಎಂದೆಂದಿಗೂ ತೀರ್ಥಕ್ಷೇತ್ರವೆಂದೇ ಅವರು ಭಾವಿಸಿದ್ದರು. 1946ರ ಫೆಬ್ರವರಿ 6ರಂದು ಅವರು ತೀರಿಕೊಂಡರು. ಆ ಶಾಲೆ ಇಂದು ನೀಲರತನ ಸರ್ಕಾರ್ ವೈದ್ಯಕೀಯ ಕಾಲೇಜಾಗಿದೆ.

ಯೂರಿಯಾ ಸ್ಟಿಬಮೈನಿನ ಸ್ಥಾನವನ್ನು ಈಗ ಬೇರೆ ಔಷಧಗಳು ಪಡೆದಿವೆ. ಆದರೆ ಬ್ರಹ್ಮಚಾರಿಗಳ ಇನ್ನೊಂದು ಶೋಧ ಹಳತಾಗಿಲ್ಲ. ಗುಣವಾಯಿತೆಂದು ಮನೆಗೆ ಕಳುಹಿಸಿದ ಕೆಲವರ ಚರ್ಮದಲ್ಲಿ ಮುಂದೆ ಗಂಟುಗಳೇಳುವುದನ್ನೂ, ಅವುಗಳಲ್ಲಿ ಅದೇ ರೋಗಾಣು ಅಡಗಿರುವುದನ್ನೂ ಅವರು ಅದೇ 1922ರಲ್ಲಿ ತೋರಿಸಿಕೊಟ್ಟರು. ಜಯಘೋಷದ ವರ್ಷದಲ್ಲಿಯೇ ಜಯ ಪೂರ್ಣವಾಗಿಲ್ಲವೆಂದು ಸಾರಿದ ವೈದ್ಯರವರು. ಕಾಲಾ ಅಜಾರನ್ನು ನಿರ್ಮೂಲಗೊಳಿಸಲು ಹೊರಟವರು ಇಂದಿಗೂ ಹುಡುಕಬೇಕಾಗಿರುವುದು ಆ ಗಂಟುಗಳನ್ನೇ.