ಕಂದು ರೋಗದ ಮೂಲ ಕಂಡ ಬರ್ನ್‌ಹಾರ್ಡ್ ಬ್ಯಾಂಗ್

ಬೀದರ್ ಜಿಲ್ಲೆಯ ಮೆಹಕರ, ಭಾಲ್ಕಿ, ಔರಾದ್ ಸೀಮೆಯಲ್ಲಿ ದೇವಣಿ ಹಸುವೆಂದರೆ ರೈತ ಕುಟುಂಬದ ಆಸ್ತಿ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಿದರೆ ಕರುವೂ ಇಲ್ಲ, ಹಾಲೂ ಇಲ್ಲ. ಹಣೆಬರಹವೆಂದು ರೈತ ಕೈಚೆಲ್ಲುವ ಈ ನಷ್ಟದ ಹಿಂದೆ ಅಡಗಿರುವ ಒಂದು ರೋಗಾಣುವನ್ನು ಗುರುತಿಸಿದವರು ಡೆನ್ಮಾರ್ಕಿನ ವಿಜ್ಞಾನಿ ಬರ್ನ್‌ಹಾರ್ಡ್ ಬ್ಯಾಂಗ್.

1848ರ ಜೂನ್ 7ರಂದು ಸೋರೊ ಪಟ್ಟಣದಲ್ಲಿ ಜನಿಸಿದ ಬ್ಯಾಂಗ್ 1872ರಲ್ಲಿ ವೈದ್ಯ ಪದವಿ ಪಡೆದರು. ಆದರೆ ಅವರ ಮನಸ್ಸು ವಾಲಿದ್ದು ಪಶುವೈದ್ಯದತ್ತ. 1880ರಲ್ಲಿ ಕೋಪನ್‌ಹೇಗನ್ನಿನ ಪಶುವೈದ್ಯಕೀಯ ಮತ್ತು ಕೃಷಿ ಕಾಲೇಜಿನ ಅಧ್ಯಾಪಕರಾದರು. ದನಗಳ ಕ್ಷಯರೋಗ ತಡೆಗೆ ಅವರು ರೂಪಿಸಿದ ವಿಧಾನ ಸರಳವಾಗಿತ್ತು: ಪರೀಕ್ಷೆ ನಡೆಸಿ ರೋಗಿ ದನಗಳನ್ನು ಬೇರ್ಪಡಿಸುವುದು, ಕರುಗಳಿಗೆ ಕಾಯಿಸಿದ ಹಾಲನ್ನೇ ಕುಡಿಸುವುದು.

ಅವರ ಹೆಸರನ್ನು ಶಾಶ್ವತಗೊಳಿಸಿದ್ದು 1897ರಲ್ಲಿ ಪ್ರಕಟವಾದ ಸಂಶೋಧನೆ. ಕಂದು ಹಾಕುವ ಲಕ್ಷಣ ತೋರಿದ ಹಸುವೊಂದನ್ನು ವಧಿಸಿ, ಸಹಾಯಕ ಸ್ಟ್ರಿಬೋಲ್ಟ್ ಜೊತೆಗೂಡಿ ಗರ್ಭಕೋಶವನ್ನು ಪರೀಕ್ಷಿಸಿದರು. ಗರ್ಭಕೋಶದ ಒಳಪದರ ಹಾಗೂ ಮಾಸಿನ ನಡುವಣ ಸ್ರಾವದಲ್ಲಿ ಅತಿಸೂಕ್ಷ್ಮ ರೋಗಾಣುಗಳು ಕಂಡವು. ಪ್ರಯೋಗಾಲಯದಲ್ಲಿ ಬೆಳೆಸಿದ ಆ ರೋಗಾಣುಗಳನ್ನು ಗಬ್ಬದ ಹಸುಗಳಿಗೆ ಸೇರಿಸಿದಾಗ ಅವೂ ಕಂದು ಹಾಕಿದವು. ಇದು ಅಂಟುರೋಗವೆಂಬುದು ಹೀಗೆ ರುಜುವಾತಾಯಿತು.

ಡೇವಿಡ್ ಬ್ರೂಸ್ 1887ರಲ್ಲಿ ಮಾಲ್ಟಾದಲ್ಲಿ ಮನುಷ್ಯರ ಜ್ವರಕ್ಕೆ ಕಾರಣವಾದ ರೋಗಾಣುವನ್ನು ಕಂಡಿದ್ದರು. ಅದಕ್ಕೂ ಬ್ಯಾಂಗ್ ಕಂಡ ರೋಗಾಣುವಿಗೂ ಹತ್ತಿರದ ನಂಟಿದೆ ಎಂಬುದನ್ನು ಅಮೆರಿಕದ ಆಲಿಸ್ ಇವಾನ್ಸ್ 1918ರಲ್ಲಿ ತೋರಿಸಿದರು. ಕೊಟ್ಟಿಗೆಯ ರೋಗ ಹಸಿ ಹಾಲಿನ ಮೂಲಕ ನಗರದ ಮನೆಗೂ ಬರಬಲ್ಲದೆಂಬ ಎಚ್ಚರ ಮೂಡಿತು. ಬ್ರೂಸೆಲೋಸಿಸ್ ಎಂಬ ಹೆಸರು ಬ್ರೂಸ್ ಅವರಿಂದ ಬಂದರೂ ದನಗಳಲ್ಲಿ ಅದು ಬ್ಯಾಂಗ್ ರೋಗವೆಂದೇ ಪ್ರಸಿದ್ಧ. ಬ್ಯಾಂಗ್ 1932ರ ಜೂನ್ 22ರಂದು ನಿಧನರಾದರು.

ಕಂದು ಹಾಕಲು ಬೇರೆ ಕಾರಣಗಳೂ ಇರುವುದರಿಂದ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಈ ರೋಗವನ್ನು ಖಚಿತಪಡಿಸಲಾಗದು. ಸೋಂಕಿತ ಹಸು ಮುಂದಿನ ಸೂಲಿನಲ್ಲಿ ಸರಿಯಾಗಿ ಈದರೂ ರೋಗ ಹರಡಬಲ್ಲದು. ದನಗಳಲ್ಲಿ ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆಯಿಲ್ಲ, ತಡೆಯೇ ಮದ್ದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಲಾಗುತ್ತದೆ. ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಾದ ಬೀದರ್ ಜಿಲ್ಲೆಯ ಕೊಟ್ಟಿಗೆಗಳಿಗೂ ಪರೀಕ್ಷಿಸು, ಬೇರ್ಪಡಿಸು, ಹಾಲು ಕಾಯಿಸು ಎಂಬ ಬ್ಯಾಂಗ್ ಅವರ ಹಳೆಯ ಪಾಠ ಇಂದಿಗೂ ಅನ್ವಯಿಸುತ್ತದೆ.