ಮೂರು ಜ್ಯೋತಿಷಗಳ ನಡುವೆ ಮಂಜೇಶ್ವರದ ಗೋವಿಂದ ಪೈಗಳು

ರಾಷ್ಟ್ರಕವಿ ಗೋವಿಂದ ಪೈಗಳೆಂದರೆ ನಮ್ಮ ಗಡಿನಾಡಿನ ಕನ್ನಡಿಗರಿಗೆ ಮನೆಯ ಹಿರಿಯರಿದ್ದಂತೆ. ಅವರು ಜನಿಸಿದ್ದು ೧೮೮೩ನೆಯ ಇಸವಿ ಮಾರ್ಚ್ ೨೩, ಶುಕ್ರವಾರ. ಶಾಲಿವಾಹನ ಶಕ ೧೮೦೪, ಚಿತ್ರಭಾನು ಸಂವತ್ಸರ, ಫಾಲ್ಗುಣ ಶುಕ್ಲಪಕ್ಷ, ಹುಣ್ಣಿಮೆಯ ಆಸುಪಾಸು. ತುಳುವರಿಗೆ ಅದು ಸುಗ್ಗಿ ತಿಂಗಳು; ಮಲೆಯಾಳಿಗಳ ಕೊಲ್ಲಂ ವರ್ಷದಲ್ಲಿ ೧೦೫೮ರ ಮೀನಮಾಸ. ಒಂದೇ ದಿನಕ್ಕೆ ಇಷ್ಟು ಹೆಸರುಗಳಿರುವುದು ನಮ್ಮೂರಿನ ವಿಶೇಷವೆಂದೇ ಹೇಳಬೇಕು.

ಇಂತಹ ದಿನದಲ್ಲಿ ಹುಟ್ಟಿದವರ ಸ್ವಭಾವವನ್ನು ಜ್ಯೋತಿಷಗಳು ಹೇಗೆ ಹೇಳುತ್ತವೆ? ಲಗ್ನ, ನಕ್ಷತ್ರಗಳ ಜಟಿಲಕ್ಕೆ ಇಳಿಯದೆ ಸೂರ್ಯನನ್ನೊಂದೇ ಹಿಡಿದು ನೋಡೋಣ. ಆ ದಿನ ಸೂರ್ಯನು ನಮ್ಮ ಲೆಕ್ಕದಲ್ಲಿ ಮೀನರಾಶಿಯಲ್ಲಿದ್ದನು. ಪಾಶ್ಚಾತ್ಯರ ಲೆಕ್ಕದಲ್ಲಿ ಅದಾಗಲೇ ಮೇಷಕ್ಕೆ ಬಂದಿದ್ದನು. ಇಬ್ಬರೂ ನೋಡುವ ಸೂರ್ಯ ಒಬ್ಬನೇ ಆದರೂ ಎಣಿಕೆ ಆರಂಭಿಸುವ ಸ್ಥಾನ ಬೇರೆ. ಅವರು ಹಗಲಿರುಳು ಸಮನಾಗುವ ವಿಷುವದಿಂದ ರಾಶಿಗಳನ್ನು ಎಣಿಸುತ್ತಾರೆ. ನಾವು ಸ್ಥಿರ ನಕ್ಷತ್ರಗಳಿಂದ. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲುವುದರಿಂದ ವಿಷುವಬಿಂದುವು ಸುಮಾರು ೭೨ ವರ್ಷಕ್ಕೆ ಒಂದು ಅಂಶದಷ್ಟು ಹಿಂದೆ ಸರಿಯುತ್ತದೆ. ಹೀಗೆ ಸರಿದು ಸರಿದು ೧೮೮೩ರ ಹೊತ್ತಿಗೆ ಎರಡು ಎಣಿಕೆಗಳ ನಡುವೆ ಸುಮಾರು ೨೨ ಅಂಶಗಳ ಅಂತರ ಬಿದ್ದಿತ್ತು. ಚೀನೀಯರದು ಇನ್ನೊಂದು ದಾರಿ. ಅವರಿಗೆ ವರ್ಷಕ್ಕೊಂದು ಪ್ರಾಣಿ. ೧೮೮೩ರ ಫೆಬ್ರವರಿಯಲ್ಲಿ ಮೊದಲಾದ ವರ್ಷ ಆಡಿನದು, ಅದರ ತತ್ತ್ವ ನೀರು.

ಮೇಷದವರು ಮುನ್ನುಗ್ಗುವವರು, ಹಳೆಯದನ್ನು ಮುರಿದು ಹೊಸದಕ್ಕೆ ಕೈಹಾಕುವವರು ಎನ್ನುತ್ತಾರೆ. ಪೈಗಳಿಗೆ ಇದು ಒಪ್ಪುತ್ತದೆ. ಶತಮಾನಗಳಿಂದ ಕನ್ನಡ ಪದ್ಯಕ್ಕೆ ಅಂಟಿಕೊಂಡಿದ್ದ ಆದಿಪ್ರಾಸವನ್ನು, ಅಂದರೆ ಸಾಲುಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕಟ್ಟನ್ನು, ಅವರು ೧೯೧೧ರ ಹೊತ್ತಿಗೆ ಬಿಟ್ಟುಕೊಟ್ಟರು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲವೆನ್ನುತ್ತಿದ್ದ ಕಾಲವದು. ಪಂಜೆ ಮಂಗೇಶರಾಯರ ಶಿಷ್ಯನಿಗೆ ಆ ಧೈರ್ಯ ಬಂತು.

ಮೀನದವರು ಮೃದುಹೃದಯದವರಂತೆ, ಪರರ ನೋವಿಗೆ ಕರಗುವವರಂತೆ. ಇದೂ ಒಪ್ಪುತ್ತದೆ. ೧೯೨೭ರಲ್ಲಿ ಪತ್ನಿಯನ್ನು ಕಳೆದುಕೊಂಡ ಕವಿ ಮುಂದೆ ಒಂಟಿಯಾಗಿಯೇ ಬಾಳಿದರು. ಅವರ ಮೊದಲ ಕವನಸಂಗ್ರಹ 'ಗಿಳಿವಿಂಡು' ಬಂದದ್ದು ೧೯೩೦ರಲ್ಲಿ. 'ಗೊಲ್ಗೊಥಾ'ದಲ್ಲಿ ಯೇಸುವಿನ ಕೊನೆಯ ದಿನವನ್ನೂ, 'ವೈಶಾಖಿ'ಯಲ್ಲಿ ಬುದ್ಧನ ಕೊನೆಯ ದಿನವನ್ನೂ ಬರೆದವರು ಅವರೇ. ಇನ್ನು ಆಡಿನ ವರ್ಷದವರು ಸೌಮ್ಯರು, ಕಲಾಪ್ರಿಯರು, ಮನೆಯನ್ನು ಪ್ರೀತಿಸುವವರು ಎಂದು ಚೀನೀ ಗ್ರಂಥಗಳು ಹೇಳುತ್ತವೆ. ಪೈಗಳು ಮಂಜೇಶ್ವರವನ್ನು ಬಿಟ್ಟು ಯಾವ ಪಟ್ಟಣದಲ್ಲೂ ನೆಲೆಸಲಿಲ್ಲ. ಮನೆಯಲ್ಲೇ ಕುಳಿತು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು.

ಮೂರು ಶಾಸ್ತ್ರಗಳು ಮೂರು ಬೇರೆ ಮನುಷ್ಯರನ್ನು ಹೇಳುತ್ತವೆ, ಮೂವರೂ ಪೈಗಳನ್ನು ಹೋಲುತ್ತಾರೆ! ಬಾಳು ಮುಗಿದ ಮೇಲೆ ಫಲವನ್ನು ಹೊಂದಿಸುವುದು ಸುಲಭವೆಂದು ಇದರಿಂದ ತೋರುತ್ತದೆ. ಮುಂದಾಗಿ ಹೇಳುವುದು ಬೇರೆ ಮಾತು. ಮಗುವಿನ ಜಾತಕವನ್ನು ತೋರಿಸಿ ವಿದ್ಯಾಯೋಗ ಉಂಟೋ ಇಲ್ಲವೋ ಎಂದು ಕೇಳಿ ಬರುವ ತಂದೆತಾಯಂದಿರು ನಮ್ಮಲ್ಲಿ ಇಂದೂ ಇದ್ದಾರೆ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡದ್ದರಿಂದ ಊರಿಗೆ ಮರಳಿದ ಪೈಗಳು ಪದವಿಯನ್ನು ಪೂರೈಸಲೇ ಇಲ್ಲ. ಆಗ ಯಾರಾದರೂ ಅವರ ಜಾತಕ ನೋಡಿದ್ದರೆ ವಿದ್ಯಾಭಂಗವೆಂದೇ ಹೇಳುತ್ತಿದ್ದರೇನೋ. ಮನೆಮಾತು ಕೊಂಕಣಿಯಾದ ಆ ಯುವಕ ಮುಂದೆ ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳನ್ನು ಬಲ್ಲವರೆಂದು ಹೆಸರಾದರು.

ಪೈಗಳಿಗೂ ಪಂಚಾಂಗ ಬೇಕಿತ್ತು, ಆದರೆ ಸಂಶೋಧನೆಯ ಕೆಲಸಕ್ಕೆ. ಹಳೆಯ ಶಾಸನಗಳಲ್ಲಿ, ಕಾವ್ಯಗಳಲ್ಲಿ ತಿಥಿ, ವಾರ, ನಕ್ಷತ್ರ, ಸಂವತ್ಸರಗಳನ್ನು ಬರೆದಿರುತ್ತಾರಷ್ಟೆ. ಒಂದು ತಿಥಿ ಪ್ರತಿವರ್ಷವೂ ಬರುತ್ತದೆ, ಆದರೆ ಅದೇ ತಿಥಿ ಅದೇ ವಾರಕ್ಕೆ, ಅದೇ ನಕ್ಷತ್ರಕ್ಕೆ ಕೂಡಿ ಬರುವ ವರ್ಷಗಳು ಕೆಲವೇ. ಹೀಗೆ ಜರಡಿ ಹಿಡಿದರೆ ನಿಜವಾದ ದಿನ ಸಿಕ್ಕಬಹುದು. ಶ್ರವಣಬೆಳ್ಗೊಳದ ಗೊಮ್ಮಟ ಮೂರ್ತಿಯ ಪ್ರತಿಷ್ಠೆ ಚೈತ್ರ ಶುಕ್ಲ ಪಂಚಮಿ ಆದಿತ್ಯವಾರ ನಡೆಯಿತೆಂದು ಒಂದು ಸಂಸ್ಕೃತ ಕೃತಿಯಲ್ಲಿದೆ. ಅದನ್ನು ಗಣಿಸಿ ಪೈಗಳು ಕ್ರಿ.ಶ. ೯೮೧ರ ಮಾರ್ಚ್ ೧೩ ಎಂದು ನಿರ್ಣಯಿಸಿದರು. ಬೇರೆ ವಿದ್ವಾಂಸರು ಬೇರೆ ವರ್ಷಗಳನ್ನು ಹೇಳಿದ್ದಾರೆ. ಶಾಮಶಾಸ್ತ್ರಿಗಳು ೧೦೨೮ ಎಂದರು. ೯೮೧ರ ಆ ದಿನ ಆದಿತ್ಯವಾರವೇ, ಪಂಚಮಿಯೇ ಎಂಬುದನ್ನು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ೧೯೮೧ರಲ್ಲಿ ಮೂರ್ತಿಯ ಸಾವಿರದ ವರ್ಷವೆಂದು ಮಹಾಮಸ್ತಕಾಭಿಷೇಕ ನಡೆಯಿತು.

ಸಂವತ್ಸರದ ಮಾತು ಬಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಅರುವತ್ತು ಸಂವತ್ಸರಗಳು ತಿರುಗಿ ಪೈಗಳ ಜನ್ಮಸಂವತ್ಸರವಾದ ಚಿತ್ರಭಾನು ಮತ್ತೆ ಬಂದದ್ದು ೧೯೪೨ರ ಯುಗಾದಿಗೆ. ಅದೇ ವರ್ಷ ಆಗಸ್ಟಿನಲ್ಲಿ ಬ್ರಿಟಿಷರೇ ತೊಲಗಿರಿ ಎಂಬ ಚಳವಳಿ ಹೊತ್ತಿಕೊಂಡಿತು. ಆ ಚಳವಳಿಯನ್ನು ಕುರಿತ ತಮ್ಮ ನಾಟಕಕ್ಕೆ ಪೈಗಳು ಇಟ್ಟ ಹೆಸರು 'ಚಿತ್ರಭಾನು'. ಆ ಪದಕ್ಕೆ ಸೂರ್ಯನೆಂದೂ ಬೆಂಕಿಯೆಂದೂ ಅರ್ಥವಿದೆ.

೧೯೪೯ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ೧೯೫೧ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿಗೆ ೭೩ ವರ್ಷ. ಈ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಹಂಬಲಿಸಿದ್ದ ಹಿರಿಯರಿಗೆ ಅದು ಮಾಸದ ನೋವಾಯಿತು. ೧೯೬೩ರ ಸೆಪ್ಟೆಂಬರ್ ೬ರಂದು, ಸೋಣ ತಿಂಗಳಲ್ಲಿ, ಅವರು ಕಣ್ಣುಮುಚ್ಚಿದರು. ಮಂಜೇಶ್ವರದ ಸರಕಾರಿ ಕಾಲೇಜಿಗೆ ಅವರ ಹೆಸರಿದೆ; ಅವರ ಮನೆಯ ಸ್ಮಾರಕಕ್ಕೆ ಗಿಳಿವಿಂಡು ಎಂದೇ ಹೆಸರು.