ದುಡಿಯುವವರ ಘನತೆಯನ್ನು ಕಾಯ್ದ ಜಮ್‌ಷೆಟ್‌ಜಿ ಟಾಟಾ

ಕಾಯಕದ ಮಹತ್ವವನ್ನು ನಾವೆಲ್ಲರೂ ಬಲ್ಲೆವು. ಕಾಯಕ ಮಾಡುವವರನ್ನು ನಡೆಸಿಕೊಳ್ಳಬೇಕಾದ ರೀತಿಯನ್ನು ಜಮ್‌ಷೆಟ್‌ಜಿ ಟಾಟಾ ಅವರ ಬದುಕಿನಿಂದ ಅರಿಯಬಹುದಾಗಿದೆ.

1839ರಲ್ಲಿ ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದ ಅವರು, ಮುಂಬಯಿಯಲ್ಲಿ ವಿದ್ಯಾಭ್ಯಾಸ ಮುಗಿಸಿ ತಂದೆಯವರ ವ್ಯಾಪಾರದಲ್ಲಿ ತೊಡಗಿದರು. 1877ರ ಜನವರಿ 1ರಂದು ನಾಗಪುರದಲ್ಲಿ ಎಂಪ್ರೆಸ್ ಹತ್ತಿ ಗಿರಣಿಯನ್ನು ಆರಂಭಿಸಿದರು. ಅಲ್ಲಿಯ ಕಾರ್ಮಿಕರಲ್ಲಿ ಅನೇಕರು ನಿಯತವಾಗಿ ಕೆಲಸಕ್ಕೆ ಬರುತ್ತಿರಲಿಲ್ಲ. ದಂಡ ವಿಧಿಸುವುದು ಸುಲಭವಾಗಿತ್ತು; ಜಮ್‌ಷೆಟ್‌ಜಿಯವರು ಆ ದಾರಿ ಹಿಡಿಯಲಿಲ್ಲ. ಗಿರಣಿಯೊಳಗೆ ಗಾಳಿಯಾಡುವ ವ್ಯವಸ್ಥೆ ಮಾಡಿಸಿದರು, ಬೆಂಕಿ ನಂದಿಸುವ ಸಾಧನಗಳನ್ನು ಅಳವಡಿಸಿದರು, ಚೆನ್ನಾಗಿ ದುಡಿದವರಿಗೆ ಬಹುಮಾನವಿತ್ತು ಗೌರವಿಸಿದರು. 1886ರಲ್ಲಿ ಪಿಂಚಣಿ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರವನ್ನೂ ಜಾರಿಗೆ ತಂದರು. ದೇಶದಲ್ಲಿ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಬಂದದ್ದು 1923ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಉಕ್ಕಿನ ಕಾರ್ಖಾನೆ ಅವರ ಮತ್ತೊಂದು ಕನಸು. ಕಾರ್ಖಾನೆಗೆ ಸ್ಥಳ ಗೊತ್ತಾಗುವ ಮುನ್ನವೇ, 1902ರಲ್ಲಿ, ಅಲ್ಲಿ ದುಡಿಯುವವರ ಊರಿಗೆ ಅಗಲವಾದ ಬೀದಿಗಳು, ನೆರಳಿನ ಮರಗಳು, ಆಟದ ಬಯಲು, ಎಲ್ಲ ಮತದವರ ಪ್ರಾರ್ಥನಾ ಮಂದಿರಗಳು ಇರಬೇಕೆಂದು ಮಗ ದೊರಾಬ್ಜಿಯವರಿಗೆ ಪತ್ರ ಬರೆದರು. 1904ರಲ್ಲಿ ಜರ್ಮನಿಯಲ್ಲಿ ಅವರು ತೀರಿಕೊಂಡರು. ಆ ಊರು ಮುಂದೆ ಜಮ್‌ಷೆಡ್‌ಪುರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅವರ ಸಂಕಲ್ಪದ ಫಲವೇ.

ತನ್ನ ಕ್ಷೇಮವನ್ನು ಚಿಂತಿಸುವವರಿದ್ದಾರೆಂದು ಅರಿತಾಗ ದುಡಿಯುವವನಿಗೆ ಕೆಲಸವು ಕೇವಲ ಕೂಲಿಯಾಗಿ ಉಳಿಯದು. ಶಾಲೆ, ಪ್ರಸಾದ ನಿಲಯಗಳ ಹೊಣೆ ಹೊತ್ತ ನಾವು, ಹಾಜರಿ ಪುಸ್ತಕವನ್ನು ತೆರೆಯುವ ಮೊದಲು ಅಡುಗೆಮನೆಯ ಹೊಗೆಯಲ್ಲಿ ನಿಂತವರ ಕಷ್ಟವನ್ನು ವಿಚಾರಿಸೋಣ.